ಎರಡೇ ಸೀಟಿಂದ ಪ್ರಧಾನಿ ಕುರ್ಚಿ ತನಕ: ಭೂತಾನಿನ ಶೆರಿಂಗ್ ತೊಬ್ಗೆ ಬಗ್ಗೆ ಗೊತ್ತಿದ್ದವರು ಹೇಳಿ

ಮಂಡಗದ್ದೆ_ತೋಟ

ಎಲ್ಲರಿಗೂ ನಮಸ್ಕಾರ. ಇದು ಅಡಿಕೆ ರೇಟಿನ ಪೋಸ್ಟ್ ಅಲ್ಲ, ಆದ್ರೆ ಶುರುವಾಗಿದ್ದು ಅಲ್ಲಿಂದ್ಲೇ. ನಮ್ಮ ಕಡೆ ಬೆಳೆಗಾರರಿಗೆ ಭೂತಾನ್ ಅಂದ್ರೆ ಮೊದ್ಲು ನೆನಪಿಗೆ ಬರೋದು 2022ರ ಸೆಪ್ಟೆಂಬರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಅಲ್ಲಿಂದ ತರಿಸೋಕೆ ಬಿಟ್ಟಿದ್ದು, ಅದೂ ಇಷ್ಟಕ್ಕಿಂತ ಅಗ್ಗಕ್ಕೆ ತರಿಸಂಗಿಲ್ಲ ಅನ್ನೋ ಕನಿಷ್ಠ ಆಮದು ಬೆಲೆ ಷರತ್ತು ಇಲ್ದೆ. ಅದೇ ಹೊತ್ತಿಗೆ ತೀರ್ಥಹಳ್ಳಿ ಹೊಸನಗರ ಕಡೆ ಎಲೆಚುಕ್ಕಿ ರೋಗ ಹಬ್ಬಿ ಜನ ತಲೆ ಮೇಲೆ ಕೈ ಹೊತ್ತು ಕೂತಿದ್ರು, ಹಂಗಾಗಿ ಆ ದೇಶದ ಹೆಸ್ರು ಕೇಳಿದ್ರೇ ಸಿಟ್ಟು ಬರ್ತಿತ್ತು. ಮೊನ್ನೆ ಮಂಡಿಲಿ ಮತ್ತೆ ಆ ಮಾತು ಬಂತು. ಒಬ್ರು ಅಲ್ಲಿ ರಾಜರದ್ದೇ ಆಡಳಿತ, ಎಲೆಕ್ಷನ್ ಎಲ್ಲಿಂದ ಬಂತು ಅಂದ್ರು, ಇನ್ನೊಬ್ರು ಇಲ್ಲ ಮಾರಾಯ್ರೆ ಪ್ರಧಾನಿ ಇದಾರೆ, 2024ರಲ್ಲಿ ಮೋದಿಯವ್ರು ಹೋದಾಗ ಪಾರೋ ಏರ್‌ಪೋರ್ಟಿಗೆ ಬಂದು ಕರ್ಕೊಂಡು ಹೋಗಿದ್ದು ಅವ್ರೇ ಅಂದ್ರು.

ಮನೆಗೆ ಬಂದು ಓದ್ತಾ ಹೋದ್ರೆ ಅಡಿಕೆ ವಿಷಯ ಮರೆತೇ ಹೋಯ್ತು. ಶೆರಿಂಗ್ ತೊಬ್ಗೆ ಅಂತ ಹೆಸ್ರು. 2008ರಲ್ಲಿ ಅಲ್ಲಿ ಮೊದಲ ಚುನಾವಣೆ ಆದಾಗ 47 ಸೀಟಲ್ಲಿ ಇವರ ಪಕ್ಷಕ್ಕೆ ಬಂದಿದ್ದು 2. ಐದು ವರ್ಷಕ್ಕೆ ಅದೇ ಪಕ್ಷ 32 ಸೀಟು ಗೆದ್ದು ಇವ್ರು ಪ್ರಧಾನಿ. 2018ರಲ್ಲಿ ಆಡಳಿತದಲ್ಲಿದ್ದ ಪಕ್ಷವೇ ಮೂರನೇ ಸ್ಥಾನಕ್ಕೆ ಬಿದ್ದು ಸಂಸತ್ತಲ್ಲಿ ಒಂದೇ ಒಂದು ಸೀಟು ಇಲ್ದಂಗಾಯ್ತು. ಆಮೇಲೆ 2024ರ ಜನವರಿಲಿ 30 ಸೀಟು ತಗೊಂಡು ಮತ್ತೆ ಅದೇ ಮನುಷ್ಯ ಪ್ರಧಾನಿ. ನಮ್ಮ ಜಿಲ್ಲೆ ರಾಜಕೀಯ ಕಂಡ ಜಾಗ, ಕಡಿದಾಳ್ ಮಂಜಪ್ಪನವರಿಂದ ಯಡಿಯೂರಪ್ಪನವರ ತನಕ ಮುಖ್ಯಮಂತ್ರಿಗಳನ್ನ ಕೊಟ್ಟಿದೀವಿ, ಏಳು ಬೀಳು ನಮಗೆ ಹೊಸದಲ್ಲ. ಆದ್ರೂ ಇದು ನಂಗೆ ಅರ್ಥ ಆಗ್ಲಿಲ್ಲ. ಎರಡು ಸೀಟು ಇಟ್ಕೊಂಡು ಐದು ವರ್ಷ ಎಂತ ಮಾಡಿದ್ರು? ಆಡಳಿತ ಪಕ್ಷ ಪೂರ್ತಿ ಮಾಯ ಆಗೋ ಹಂಗೆ ಅಲ್ಲಿ ಎಲೆಕ್ಷನ್ ಹೇಗೆ ನಡೆಯುತ್ತೆ? ಮತ್ತೆ ಆ ಹಸಿ ಅಡಿಕೆ ಒಪ್ಪಂದಕ್ಕೂ ಈ ಮನುಷ್ಯನಿಗೂ ಸಂಬಂಧ ಇದೆಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ತುಂಗಾತೀರದ_ಮೇಷ್ಟ್ರು

ಮಂಡಗದ್ದೆಯವರೆ, ಒಳ್ಳೆ ಪ್ರಶ್ನೆ ಕೇಳಿದ್ರಿ. ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡ್ತಿದ್ದಾಗ ನಾನು ಭೂತಾನ್ ಉದಾಹರಣೆ ತುಂಬ ಕೊಡ್ತಿದ್ದೆ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಅಲ್ಲಿ ಪ್ರಜಾಪ್ರಭುತ್ವ ಜನ ಹೋರಾಟ ಮಾಡಿ ತಗೊಂಡಿದ್ದಲ್ಲ, ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರೇ ಮುಂದೆ ನಿಂತು ಕೊಟ್ಟಿದ್ದು. ಜನ ಬೇಡ ಬೇಡ ಅಂತಿದ್ರು, ರಾಜರೇ ಇರ್ಲಿ ಅಂತ. 1998ರಲ್ಲಿ ಅಧಿಕಾರ ಮಂತ್ರಿಮಂಡಲಕ್ಕೆ ಬಿಟ್ರು, 2006ರಲ್ಲಿ ಸಿಂಹಾಸನವನ್ನೇ ಮಗನಿಗೆ ಬಿಟ್ಕೊಟ್ರು. 2007ರಲ್ಲಿ ಜನಕ್ಕೆ ಓಟು ಹಾಕೋದು ಅಭ್ಯಾಸ ಆಗ್ಲಿ ಅಂತ ಅಣಕು ಚುನಾವಣೆ ಮಾಡಿಸಿದ್ರು, ಪಕ್ಷಗಳ ಬದಲು ನೀಲಿ ಹಸಿರು ಕೆಂಪು ಹಳದಿ ಅಂತ ನಾಲ್ಕು ಬಣ್ಣ. ಹಳದಿ ರಾಜರ ಬಣ್ಣ, ಜನ ಹಳದಿಗೇ ಒತ್ತಿದ್ರು. ಅದಾದ್ಮೇಲೆ 2008ರ ಮಾರ್ಚ್ 24ಕ್ಕೆ ನಿಜವಾದ ಚುನಾವಣೆ.

ತೊಬ್ಗೆ ಅವ್ರು ಹುಟ್ಟಿದ್ದು 1965ರಲ್ಲಿ, ಹಾ ಅನ್ನೋ ಪಶ್ಚಿಮದ ಕಣಿವೆಯವರು. ಅಪ್ಪ ಭೂತಾನ್ ಸೇನೆಯ ಮೊದಮೊದಲಿನ ಸೈನಿಕರಲ್ಲಿ ಒಬ್ರು. ಅಮ್ಮ ಭಾರತಕ್ಕೂ ಭೂತಾನಿಗೂ ಮೊದಲ ರಸ್ತೆ ಹಾಕ್ತಿದ್ದಾಗ ಅಲ್ಲಿ ಕೂಲಿ ಮಾಡಿದವರು. ಘಾಟಿ ರಸ್ತೆಗೆ ಜಲ್ಲಿ ಹೊರೋದು ಅಂದ್ರೆ ಎಂಥದು ಅಂತ ಆಗುಂಬೆ ಹುಲಿಕಲ್ ಕಡೆಯವ್ರಿಗೆ ನಾನು ಹೇಳಬೇಕಾಗಿಲ್ಲ. ಆ ಮನೆ ಹುಡುಗ ಕಾಲಿಂಪಾಂಗ್‌ನಲ್ಲಿ ಶಾಲೆ ಓದಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ವಾಪಸ್ ಬಂದು 1991ರಿಂದ ಸರ್ಕಾರಿ ನೌಕರಿ. ಕೆಲಸ ಹೆಚ್ಚಾಗಿ ತಾಂತ್ರಿಕ ಶಿಕ್ಷಣದ್ದು, ನಮ್ಮ ಐಟಿಐ ಥರದ್ದು. ನಡುವೆ ಹಾರ್ವರ್ಡಲ್ಲಿ 2004ರಲ್ಲಿ ಆಡಳಿತದ ಮೇಲೆ ಇನ್ನೊಂದು ಡಿಗ್ರಿ. 2007ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ, ಪಿಡಿಪಿ, ಕಟ್ಟಿದವರಲ್ಲಿ ಒಬ್ರಾದ್ರು. ಆ ದೇಶದಲ್ಲಿ ನೋಂದಣಿ ಆದ ಮೊದಲ ಪಕ್ಷ ಅದೇ.

ಆದ್ರೆ ಆಗ ಪಕ್ಷದ ಅಧ್ಯಕ್ಷರು ಇವರಲ್ಲ, ಸಾಂಗೆ ಙೆದುಪ್ ಅಂತ, ಈಗಿನ ರಾಜರ ಸೋದರಮಾವ, ಹಿಂದೆ ಮಂತ್ರಿಮಂಡಲದ ಮುಖ್ಯಸ್ಥರಾಗಿದ್ದವರು. ಎದುರಿಗೆ ಜಿಗ್ಮಿ ಥಿನ್ಲೆ ಅವರ ಡಿಪಿಟಿ ಅನ್ನೋ ಪಕ್ಷ. ಫಲಿತಾಂಶ ಡಿಪಿಟಿಗೆ 45, ಪಿಡಿಪಿಗೆ 2, ಥಿನ್ಲೆ ಪ್ರಧಾನಿ ಆದ್ರು. ಪಿಡಿಪಿ ಅಧ್ಯಕ್ಷರೇ ತಮ್ಮ ಕ್ಷೇತ್ರ ಸೋತ್ರು. ಇಲ್ಲೊಂದು ಗಮನಿಸಿ, ಓಟಿನ ಲೆಕ್ಕದಲ್ಲಿ ಪಿಡಿಪಿಗೆ ನೂರಕ್ಕೆ ಸುಮಾರು 33 ಬಿದ್ದಿತ್ತು. ಮೂರರಲ್ಲಿ ಒಬ್ಬ ಇವರಿಗೆ ಓಟು ಹಾಕಿದ್ದ, ಸೀಟು ಮಾತ್ರ ಎರಡು. ಅಂದ್ರೆ ಪಕ್ಷ ಸತ್ತಿರ್ಲಿಲ್ಲ, ಮೂರನೇ ಒಂದು ಭಾಗ ಜನ ಹಿಂದೆ ಇದ್ರು. ಗೆದ್ದ ಇಬ್ರಲ್ಲಿ ಒಬ್ರು ಹಾ ಜಿಲ್ಲೆ ಸೊಂಬೆಖಾದಿಂದ ತೊಬ್ಗೆ, ಇನ್ನೊಬ್ರು ಗಾಸಾದಿಂದ ದಾಮ್ಚೊ ದೋರ್ಜಿ. ಸರ್ಕಾರಿ ನೌಕರರು ಓಟರ್‌ಗಳ ಮೇಲೆ ಪ್ರಭಾವ ಬೀರಿದ್ರು ಅಂತ ಇಬ್ರೂ ಮೊದ್ಲು ರಾಜೀನಾಮೆ ಕೊಟ್ಟು, ಆಮೇಲೆ ಒಪ್ಕೊಂಡು ಸದನಕ್ಕೆ ಬಂದು ಕೂತ್ರು. ತೊಬ್ಗೆ ವಿರೋಧ ಪಕ್ಷದ ನಾಯಕ, ದಾಮ್ಚೊ ಅವರ ಪೂರ್ತಿ ಪಕ್ಷ!

ಆ ಇಬ್ರು ಮಾಡಿದ ಒಂದು ಕೆಲಸ ಹೇಳ್ತೀನಿ, ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇದ್ರಲ್ಲೇ ಇದೆ. 2010ರಲ್ಲಿ ಸರ್ಕಾರ ಆಮದು ವಾಹನಗಳ ತೆರಿಗೆ ಏರಿಸ್ತು, ಸಂಸತ್ತಿನ ಮುಂದೆ ತರದೆ. ಸದನದಲ್ಲಿ 45 ಜನ ಆ ಕಡೆ, ಇಬ್ರು ಈ ಕಡೆ, ಕೂಗಾಡಿ ಏನೂ ಆಗಲ್ಲ. ಇವ್ರು ಕೂಗಾಡ್ಲಿಲ್ಲ, ಹೈಕೋರ್ಟಿಗೆ ಹೋದ್ರು. ತೆರಿಗೆ ಹಾಕೋ ಅಧಿಕಾರ ಸಂವಿಧಾನದ ಪ್ರಕಾರ ಸಂಸತ್ತಿಂದು, ಮಂತ್ರಿಮಂಡಲದ್ದಲ್ಲ ಅಂತ ವಾದ. ಹೈಕೋರ್ಟ್ ಒಪ್ತು, ಸರ್ಕಾರ ಮೇಲ್ಮನವಿ ಹಾಕ್ತು, 2011ರ ಫೆಬ್ರವರಿಲಿ ಸುಪ್ರೀಂ ಕೋರ್ಟೂ ವಿರೋಧ ಪಕ್ಷದ ಕಡೆಗೇ ತೀರ್ಪು ಕೊಡ್ತು. ಆ ದೇಶದ ಮೊಟ್ಟಮೊದಲ ಸಂವಿಧಾನದ ಕೇಸು ಅದು. ಸಂವಿಧಾನ ಬಂದು ಮೂರು ವರ್ಷ ಆಗಿರ್ಲಿಲ್ಲ. ಸರ್ಕಾರವೂ ತಲೆಬಾಗಿ ತೀರ್ಪು ಪಾಲಿಸ್ತು, ಅದನ್ನೂ ಹೇಳ್ಬೇಕು. ಅದರ ಜೊತೆಗೆ ತೊಬ್ಗೆ ಇಂಟರ್ನೆಟ್ಟಲ್ಲಿ ತಮ್ಮದೇ ಬ್ಲಾಗ್ ಇಟ್ಕೊಂಡು ಸರ್ಕಾರದ ಕೆಲಸದ ಮೇಲೆ ಬರೀತಾ ಹೋದ್ರು, ಜನ ಬಂದು ಅಲ್ಲೇ ವಾದ ಮಾಡ್ತಿದ್ರು. ರಾಜರು ಹೇಳಿದ್ದೇ ಕೊನೆ ಅಂತ ಬೆಳೆದ ಜನಕ್ಕೆ ಆಳೋರನ್ನ ಪ್ರಶ್ನೆ ಕೇಳೋದು ತಪ್ಪಲ್ಲ ಅಂತ ತೋರಿಸಿದ್ದು ದೊಡ್ಡ ಕೆಲಸ. ಪ್ರಧಾನಿಯಾಗಿ ಮಾಡಿದ್ದಕ್ಕಿಂತ ಆ ಐದು ವರ್ಷ ಮಾಡಿದ್ದೇ ಹೆಚ್ಚು ಅಂತ ನನ್ನ ಖಚಿತ ಅಭಿಪ್ರಾಯ.

ಶಿಕಾರಿಪುರ_ಕೆರೆದಂಡೆ

ಮೇಷ್ಟ್ರೆ ಚೆನ್ನಾಗಿ ಬರ್ದಿದೀರಿ, ಆದ್ರೆ ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಕೋರ್ಟು ಬ್ಲಾಗು ಎಲ್ಲ ರಾಜಧಾನಿ ಥಿಂಪುವಿನಲ್ಲಿರೋ ಓದಿದವರಿಗೆ. ಹಳ್ಳಿ ಜನ ಓಟು ಬದಲಾಯಿಸಿದ್ದು ಗ್ಯಾಸ್ ಸಿಲಿಂಡರಿಗೆ. 2013ರ ಜುಲೈ 1ಕ್ಕೆ ಭಾರತ ಭೂತಾನಿಗೆ ಕೊಡ್ತಿದ್ದ ಗ್ಯಾಸ್, ಸೀಮೆಎಣ್ಣೆ ಸಬ್ಸಿಡಿ ನಿಲ್ಲಿಸ್ತು, ಚುನಾವಣೆ ಇದ್ದಿದ್ದು ಜುಲೈ 13ಕ್ಕೆ. ರಾತ್ರೋರಾತ್ರಿ ಸಿಲಿಂಡರ್ ರೇಟು ಡಬಲ್ ಆಗಿ ಮೇಲೆ ಹೋಯ್ತು. ಮೇ 31ರ ಮೊದಲ ಸುತ್ತಲ್ಲಿ ಡಿಪಿಟಿಗೆ ನೂರಕ್ಕೆ 44, ಪಿಡಿಪಿಗೆ 32 ಇತ್ತು ಅಲ್ವಾ, ಆರು ವಾರದಲ್ಲಿ ತಿರುಗಿ ಪಿಡಿಪಿಗೆ 54 ಬಂತು ಅಂದ್ರೆ ಕಾರಣ ಕಣ್ಣೆದುರಿಗೇ ಇದೆ. ಅದಕ್ಕೆ ಹಿಂದಿನ ವರ್ಷ 2012ರ ಜೂನಲ್ಲಿ ರಿಯೋದಲ್ಲಿ ಜಿಗ್ಮಿ ಥಿನ್ಲೆ ಚೀನಾ ಪ್ರಧಾನಿ ವೆನ್ ಜಿಯಾಬಾವೊ ಅವರನ್ನ ಭೇಟಿ ಮಾಡಿದ್ರು, ದೆಹಲಿಗೆ ಅದು ಹಿಡಿಸ್ಲಿಲ್ಲ. ಪಿಡಿಪಿ ಭಾರತದ ಜೊತೆ ಸಂಬಂಧ ಸರಿ ಮಾಡ್ತೀವಿ ಅಂತ ಪ್ರಚಾರ ಮಾಡ್ತು, ಗೆದ್ತು, ಆಗಸ್ಟಲ್ಲಿ ಸಬ್ಸಿಡಿ ವಾಪಸ್ ಬಂತು. ಚಿಕ್ಕ ದೇಶದ ಎಲೆಕ್ಷನ್ನಿಗೆ ನಮ್ಮ ದೇಶ ಹಿಂಗೆ ಮಾಡಬಾರದಿತ್ತು ಅಂತ ನನಗೆ ಈಗ್ಲೂ ಬೇಜಾರಿದೆ, ನಾನು ಯಾವ ಪಕ್ಷದವನೇ ಆಗಿರ್ಲಿ.

ಎರಡು ಸೀಟಿನ ಕಷ್ಟ ನಮ್ಮೂರಿಗೆ ಗೊತ್ತು ಬಿಡಿ. 1985ರಲ್ಲಿ ರಾಜ್ಯದಲ್ಲಿ ಬಿಜೆಪಿ ಗೆದ್ದಿದ್ದು ಎರಡೇ, ಅದರಲ್ಲೊಂದು ಶಿಕಾರಿಪುರ. ಆದ್ರೆ ಅಲ್ಲಿಂದ ಸರ್ಕಾರ ಮಾಡೋ ತನಕ ಎಷ್ಟು ವರ್ಷ ಹಿಡೀತು ನೋಡಿ, ಇವರು ಐದೇ ವರ್ಷಕ್ಕೆ ಹೋದ್ರು. ಅದಕ್ಕೇ ಬೇರೆ ಕಾರಣ ಇರ್ಲೇಬೇಕು ಅನ್ನೋದು.

ತುಂಗಾತೀರದ_ಮೇಷ್ಟ್ರು

ಶಿಕಾರಿಪುರದವರೆ, ಗ್ಯಾಸಿನ ವಿಷಯ ನಾನು ಅಲ್ಲಗಳೆಯಲ್ಲ, ಅದು ದೊಡ್ಡದೇ. ಆದ್ರೆ ಅದೊಂದೇ ಅಲ್ಲ. 2012ರಲ್ಲೇ ಅಲ್ಲಿ ರೂಪಾಯಿ ಕೊರತೆ ಶುರುವಾಗಿತ್ತು, ಅವರ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ಸಾಮಾನು ಹೆಚ್ಚಿನದೆಲ್ಲ ನಮ್ಮಿಂದ ಹೋಗೋದು, ಕೊಡೋಕೆ ರೂಪಾಯಿ ಇಲ್ದೆ ಬ್ಯಾಂಕ್ ಸಾಲ ಎಲ್ಲ ಬಿಗಿ ಮಾಡಿದ್ರು. ಜೊತೆಗೆ ಗ್ಯಾಲ್ಪೋಜಿಂಗ್ ಅನ್ನೋ ಊರಿನ ಸೈಟು ಹಂಚಿಕೆ ಕೇಸಲ್ಲಿ ಸ್ಪೀಕರ್ರು, ಗೃಹಮಂತ್ರಿ ಇಬ್ರಿಗೂ 2013ರ ಮಾರ್ಚಲ್ಲಿ ಶಿಕ್ಷೆ ಆಯ್ತು. ಇದೆಲ್ಲ ಸೇರಿ ನೋಡಿ.

ಆರು ವಾರದಲ್ಲಿ ತಿರುಗಿದ್ದಕ್ಕೆ ಇನ್ನೊಂದು ಕಾರಣ ಅವರ ಎರಡು ಸುತ್ತಿನ ಪದ್ಧತಿ, ಮಂಡಗದ್ದೆಯವರು ಕೇಳಿದ ಎರಡನೇ ಪ್ರಶ್ನೆಗೂ ಇದೇ ಉತ್ತರ. ಮೊದಲ ಸುತ್ತಲ್ಲಿ ಎಲ್ಲ ಪಕ್ಷಗಳೂ ನಿಲ್ತಾವೆ, ಜನ ಪಕ್ಷಕ್ಕೆ ಓಟು ಹಾಕ್ತಾರೆ. ದೇಶಪೂರ್ತಿ ಲೆಕ್ಕ ಹಾಕಿ ಮೇಲಿನ ಎರಡು ಪಕ್ಷ ಮಾತ್ರ ಮುಂದಿನ ಸುತ್ತಿಗೆ, ಉಳಿದಿದ್ದೆಲ್ಲ ಔಟ್. ಎರಡನೇ ಸುತ್ತಲ್ಲಿ 47 ಕ್ಷೇತ್ರದಲ್ಲೂ ಇಬ್ರೇ ಅಭ್ಯರ್ಥಿಗಳು. ಗೆದ್ದ ಪಕ್ಷ ಸರ್ಕಾರ, ಸೋತಿದ್ದು ವಿರೋಧ ಪಕ್ಷ, ಮೂರನೇ ಪಕ್ಷಕ್ಕೆ ಕೆಳಮನೆಯಲ್ಲಿ ಜಾಗವೇ ಇಲ್ಲ. ಹಂಗಾಗಿ ಸಮ್ಮಿಶ್ರ ಸರ್ಕಾರ, ರೆಸಾರ್ಟು ಎಲ್ಲ ಹುಟ್ಟೋದೇ ಇಲ್ಲ. ಔಟಾದ ಪಕ್ಷದವರು ಬೇಕಾದ್ರೆ ಉಳಿದ ಪಕ್ಷ ಸೇರಬಹುದು. 2013ರಲ್ಲಿ ಡಿಎನ್‌ಟಿ ಅನ್ನೋ ಇನ್ನೊಂದು ಪಕ್ಷ ಔಟಾದಾಗ ಅದರ ಅಧ್ಯಕ್ಷೆ ದೋರ್ಜಿ ಚೊಡೆನ್ ಪಿಡಿಪಿಗೆ ಬಂದ್ರು, ಗೆದ್ದು ಆ ದೇಶದ ಮೊದಲ ಮಹಿಳಾ ಮಂತ್ರಿ ಆದ್ರು. ಡಿಎನ್‌ಟಿಗೆ ಬಿದ್ದಿದ್ದ ನೂರಕ್ಕೆ 17 ಓಟು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ.

2018ರ ಕಥೆನೂ ಹಂಗೇ. ಮೊದಲ ಸುತ್ತಲ್ಲಿ ಡಿಎನ್‌ಟಿ 31.8, ಡಿಪಿಟಿ 30.9, ಪಿಡಿಪಿ 27.4. ಎರಡನೇ ಸ್ಥಾನಕ್ಕೂ ಇವರಿಗೂ ಅಂತರ ಸುಮಾರು ಹತ್ತು ಸಾವಿರ ಓಟು. ಅಷ್ಟಕ್ಕೇ ಪ್ರಧಾನಿಯ ಪಕ್ಷ ಸದನದಿಂದ ಪೂರ್ತಿ ಹೊರಗೆ. ಇನ್ನೊಂದು ವಿಶೇಷ, ಚುನಾವಣೆ ಹೊತ್ತಲ್ಲಿ ಹಳೇ ಸರ್ಕಾರ ಕುರ್ಚಿಲಿ ಇರಲ್ಲ. ಅವಧಿ ಮುಗಿದ ತಕ್ಷಣ ಮುಖ್ಯ ನ್ಯಾಯಮೂರ್ತಿಗಳ ಕೆಳಗೆ ಹಂಗಾಮಿ ಸರ್ಕಾರ ಬರುತ್ತೆ. ಸರ್ಕಾರಿ ಕಾರಲ್ಲಿ ಪ್ರಚಾರಕ್ಕೆ ಹೋಗೋ ಮಾತೇ ಇಲ್ಲ. ತೊಬ್ಗೆ ಫಲಿತಾಂಶ ಬಂದ ಕೂಡ್ಲೇ ಸೋಲು ಒಪ್ಕೊಂಡು ಗೆದ್ದವರಿಗೆ ಶುಭಾಶಯ ಹೇಳಿ ಪಕ್ಷದ ಕೆಲಸಕ್ಕೆ ವಾಪಸ್ ಹೋದ್ರು.

ಸಾಗರ_ಬುಲೆಟ್ಟು

ನಾನು ಗೆಳೆಯರ ಜೊತೆ ಬೈಕಲ್ಲಿ ಅಲ್ಲಿಗೆ ಹೋಗಿಬಂದವನು, ಎಲೆಕ್ಷನ್ ಲೆಕ್ಕಾಚಾರ ಮೇಷ್ಟ್ರಿಗೇ ಬಿಟ್ಟು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಮ್ಮ ಕಡೆ ಜೈಗಾಂವ್, ಆ ಕಡೆ ಫುಂಟ್‌ಶೋಲಿಂಗ್, ನಡುವೆ ಒಂದು ಬಣ್ಣಬಣ್ಣದ ಗೇಟು ಅಷ್ಟೇ. ಗೇಟಿನ ಈ ಕಡೆ ಹಾರ್ನ್ ಗಲಾಟೆ ಕಿವಿ ಕಿತ್ತು ಹೋಗೋ ಹಂಗೆ, ದಾಟಿದ್ರೆ ಹಾರ್ನೇ ಇಲ್ಲ, ಜೀಬ್ರಾ ಕ್ರಾಸ್ ಮೇಲೆ ಕಾಲಿಟ್ರೆ ಗಾಡಿ ನಿಲ್ಲುತ್ತೆ. ನಂಗೆ ಖುಷಿ ಆಗಿದ್ದು ಗೋಡೆ ಮೂಲೆ, ಮೆಟ್ಟಿಲು, ಕಂಬದ ಬುಡ ಎಲ್ಲ ಕೆಂಪು ಕೆಂಪು ಆಗಿದ್ದು ನೋಡಿ, ನಮ್ಮವರೇ ಅನ್ನಿಸ್ತು. ಅವರು ಎಲೆ ಅಡಿಕೆಗೆ ದೊಮಾ ಅಂತಾರೆ, ಹಸಿ ಅಡಿಕೆಯನ್ನ ಅರ್ಧ ಹೋಳು ಮಾಡಿ, ಸುಣ್ಣ ಹಚ್ಚಿದ ವೀಳ್ಯದೆಲೆಲಿ ಸುತ್ತಿ ಕೊಡ್ತಾರೆ. ಬಾಯಿಗೆ ಹಾಕಿದ್ರೆ ಕಿವಿ ಬಿಸಿ ಆಗಿ ಹಣೆಲಿ ಬೆವರು ಬರುತ್ತೆ, ನಮ್ಮ ಬೇಯಿಸಿ ಒಣಗಿಸಿದ ಅಡಿಕೆ ತಿಂದು ಅಭ್ಯಾಸ ಇದ್ದವರಿಗೂ ತಲೆ ತಿರುಗುತ್ತೆ. ಮನೆಗೆ ಬಂದವರಿಗೆ ಮೊದಲು ಅದನ್ನೇ ಕೊಡೋದು, ಮಲೆನಾಡಲ್ಲಿ ಹರಿವಾಣ ಮುಂದಿಡೋ ಹಂಗೆ.

ತೊಬ್ಗೆ ಬಗ್ಗೆ ನಾವು ಉಳ್ಕೊಂಡಿದ್ದ ಮನೆ ಯಜಮಾನರು ಹೇಳಿದ್ದು ಟಿಲ್ಲರ್ ಕಥೆ. 2013ರಲ್ಲಿ ಪಿಡಿಪಿ ಪ್ರತಿ ಗೆವೊಗಿಗೆ, ಅಂದ್ರೆ ಪಂಚಾಯ್ತಿಗೆ, ಪವರ್ ಟಿಲ್ಲರ್ ಕೊಡ್ತೀವಿ ಅಂತ ಮಾತು ಕೊಟ್ಟಿತ್ತು. 205 ಗೆವೊಗ್ ಇದಾವೆ ಅಲ್ಲಿ. ಅವರ ಗದ್ದೆಗಳು ನಮ್ಮ ಮಕ್ಕಿ ಗದ್ದೆ ಥರನೇ ಮೆಟ್ಟಿಲು ಮೆಟ್ಟಿಲು, ಟ್ರ್ಯಾಕ್ಟರ್ ಇಳಿಯಲ್ಲ, ಟಿಲ್ಲರ್ ಬಂದಿದ್ದಕ್ಕೆ ಗದ್ದೆ ಉಳೀತು ಅಂತ ಅವ್ರು ಹೇಳ್ತಿದ್ರು, ಕೂಲಿ ಆಳು ಸಿಗದೆ ಗದ್ದೆ ಬೀಳುಬಿಟ್ಟ ನಮ್ಮೂರಿನವರಿಗೆ ಆ ಮಾತಿನ ತೂಕ ಗೊತ್ತಾಗುತ್ತೆ. ಇನ್ನೊಂದು ಭರವಸೆ ಹೆಲಿಕಾಪ್ಟರ್, 2015ರಲ್ಲಿ ಸರ್ಕಾರಿ ಹೆಲಿಕಾಪ್ಟರ್ ಸೇವೆ ಶುರು ಮಾಡಿದ್ರು. ರಸ್ತೆ ಇಲ್ಲದ ಕಣಿವೆಯಿಂದ ಬಾಣಂತಿನೋ ಕಾಯಿಲೆಯವರನ್ನೋ ಆಸ್ಪತ್ರೆಗೆ ತರ್ಬೇಕಾದ್ರೆ ಅದೇ ಗತಿ. ಹೊರದೇಶಕ್ಕೆಲ್ಲ ಆ ಮನುಷ್ಯ ಗೊತ್ತಾಗಿದ್ದು 2016ರಲ್ಲಿ ಟೆಡ್ ಅನ್ನೋ ಅಂತರರಾಷ್ಟ್ರೀಯ ವೇದಿಕೇಲಿ ಮಾಡಿದ ಭಾಷಣದಿಂದ. ಅವರ ಉದ್ದ ಘೋ ಉಟ್ಕೊಂಡು ವೇದಿಕೆ ಮೇಲೆ ನಿಂತು ನಮ್ಮ ದೇಶ ವರ್ಷಕ್ಕೆ 22 ಲಕ್ಷ ಟನ್ ಇಂಗಾಲ ಬಿಡುತ್ತೆ, ನಮ್ಮ ಕಾಡು ಅದರ ಮೂರು ಪಟ್ಟಿಗಿಂತ ಹೆಚ್ಚು ಹೀರ್ಕೊಳ್ಳುತ್ತೆ ಅಂತ ಹೇಳಿದ್ರು. ನೂರಕ್ಕೆ 60 ಭಾಗ ಕಾಡು ಯಾವತ್ತಿಗೂ ಇರ್ಬೇಕು ಅಂತ ಅವರ ಸಂವಿಧಾನದಲ್ಲೇ ಬರ್ದಿದೆ, ಈಗ ಅದಕ್ಕಿಂತ ಜಾಸ್ತಿನೇ ಇದೆ. ಪಶ್ಚಿಮ ಘಟ್ಟಕ್ಕೂ ಹಿಂಗೊಂದು ಸಾಲು ಇದ್ದಿದ್ರೆ ಅಂತ ಅವತ್ತಿಂದ ಯೋಚನೆ ಮಾಡ್ತಾನೇ ಇದೀನಿ.

2018ರಲ್ಲಿ ಗೆದ್ದು ಪ್ರಧಾನಿಯಾದ ಡಿಎನ್‌ಟಿಯ ಲೊಟೆ ಶೆರಿಂಗ್ ಅವರದ್ದೂ ಸ್ವಲ್ಪ ಹೇಳ್ಬೇಕು. ಅವ್ರು ಸರ್ಜನ್, ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ ಎಂಬಿಬಿಎಸ್ ಓದಿದವರು, ಪ್ರಧಾನಿ ಆದ್ಮೇಲೂ ಶನಿವಾರ ಥಿಂಪು ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡ್ತಿದ್ರು. ಕೊರೋನಾ ಟೈಮಲ್ಲಿ 2021ರ ಮಾರ್ಚ್ ಕೊನೆಗೆ ಲಸಿಕೆ ಶುರು ಮಾಡಿ ಎರಡು ವಾರದ ಒಳಗೆ ಹತ್ತಿರ ಹತ್ತಿರ ಎಲ್ಲ ವಯಸ್ಕರಿಗೂ ಮೊದಲ ಡೋಸ್ ಕೊಟ್ರು, ಲಸಿಕೆ ಹೋಗಿದ್ದು ಭಾರತದಿಂದ. ಅಷ್ಟು ಕೆಲಸ ಮಾಡಿದವರ ಪಕ್ಷ 2023ರ ನವೆಂಬರಿನ ಮೊದಲ ಸುತ್ತಲ್ಲಿ ನಾಲ್ಕನೇ ಸ್ಥಾನ! ನಂಗೆ ಇದು ತುಂಬ ಬೇಜಾರು ಮಾಡಿದ ವಿಷಯ.

ಕೊಪ್ಪದ_ಕಣಜ

ಅಡಿಕೆ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ ಯಾಕಂದ್ರೆ ನಮ್ಮ ಮನೆ ನಡೆಯೋದೇ ಅದ್ರಲ್ಲಿ. 2022ರಲ್ಲಿ ಅಲ್ಲಿ ಪ್ರಧಾನಿ ಲೊಟೆ ಶೆರಿಂಗ್, ತೊಬ್ಗೆ ಆಗ ಅಧಿಕಾರದಲ್ಲಿ ಇರ್ಲೇ ಇಲ್ಲ. ಆದೇಶ ಹೊರಡಿಸಿದ್ದು ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಬರೋ ದಾರಿ ಜೈಗಾಂವ್ ಅಂತ ಗೊತ್ತು ಮಾಡಿದ್ದೂ ಅವರೇ. ಅಂದ್ರೆ ಕೇಳಬೇಕಾದ್ದು ನಮ್ಮ ಸಂಸದರನ್ನ, ಥಿಂಪುವನ್ನ ಅಲ್ಲ. ಭೂತಾನಲ್ಲಿ ಅಡಿಕೆ ಬೆಳೆಯೋದು ದಕ್ಷಿಣದ ತಗ್ಗಿನ ಜಿಲ್ಲೆಗಳಲ್ಲಿ, ಸಾಮ್ಚಿ ಸರ್ಪಾಂಗ್ ಕಡೆ, ಅಲ್ಲೂ ನಮ್ಮಂಥ ಸಣ್ಣ ಹಿಡುವಳಿದಾರರೇ. ಅವರ ಪ್ರಧಾನಿ ಅವರ ರೈತರಿಗೆ ಮಾರುಕಟ್ಟೆ ಹುಡುಕಿದ್ರೆ ಅದು ತಪ್ಪಲ್ಲ, ನಮ್ಮೋರು ನಮಗೆ ಮಾಡ್ಬೇಕಾದ ಕೆಲಸನೂ ಅದೇ. 2023ರ ಫೆಬ್ರವರಿಲಿ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ್ರಲ್ಲ, ಅದು ಬೇರೆ ದೇಶದ ಅಡಿಕೆಗೆ ಬೇಲಿ ಹಾಕ್ತು, ಭೂತಾನಿನ ಹಸಿ ಅಡಿಕೆಯ ಗೇಟು ಮಾತ್ರ ಹಂಗೇ ತೆರೆದಿದೆ. ನನ್ನ ಭಯ 17,000 ಟನ್ನಿನ ಬಗ್ಗೆ ಅಲ್ಲ. ಅದೇ ಗೇಟಲ್ಲಿ ಬೇರೆ ದೇಶದ ಮಾಲು ಭೂತಾನಿನ ಹೆಸರು ಹೇಳ್ಕೊಂಡು ಬರದಂಗೆ ಕಾಯೋರು ಯಾರು ಅನ್ನೋದು. ಇದನ್ನ ಬೆಳೆಗಾರರ ಸಭೆಗಳಲ್ಲಿ ಬಿಡದೆ ಕೇಳ್ಬೇಕು.

ಹಿನ್ನೀರಿನ_ಮಗಳು

ಎಲ್ಲರೂ ಒಳ್ಳೇದೇ ಬರ್ದಿದೀರಿ, ನಾನು ಸ್ವಲ್ಪ ಬೇರೆ ಕಡೆ ನೋಡೋಕೆ ಕೇಳ್ಕೊಳ್ತೀನಿ. ನಮ್ಮಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು, ಹಂಗಾಗಿ ಭೂತಾನ್ ಅಂದ ಕೂಡ್ಲೇ ನನಗೆ ಕಾಣೋದು ಅಣೆಕಟ್ಟು. ಅವರ ತಾಲಾ ಯೋಜನೆ 1,020 ಮೆಗಾವ್ಯಾಟ್, ನಮ್ಮ ಶರಾವತಿ 1,035, ಹೆಚ್ಚುಕಮ್ಮಿ ಒಂದೇ. ದೇಶದ ಬೊಕ್ಕಸಕ್ಕೆ ದೊಡ್ಡ ದುಡ್ಡು ಬರೋದೇ ಭಾರತಕ್ಕೆ ಮಾರೋ ಕರೆಂಟಿಂದ. ಪುನಾತ್ಸಾಂಗ್ಛು ಒಂದನೇ ಹಂತ ಅಂತ 1,200 ಮೆಗಾವ್ಯಾಟಿಂದು ಶುರು ಮಾಡಿದ್ರು, 2013ರಲ್ಲಿ ಗುಡ್ಡ ಜಾರಿ ಅಣೆಕಟ್ಟಿನ ಕೆಲಸ ವರ್ಷಗಟ್ಟಲೆ ನಿಂತು ಖರ್ಚು ಏರ್ತಾ ಹೋಯ್ತು. ಸಾಲ ಪೂರ್ತಿ ದೇಶದ ತಲೆ ಮೇಲೆ. ಯಾರು ಪ್ರಧಾನಿಯಾದ್ರೂ ಆ ಸಾಲದ ಲೆಕ್ಕದೊಳಗೇ ಆಡಳಿತ ಮಾಡ್ಬೇಕು. ತೊಬ್ಗೆ ಎರಡನೇ ಸಲ ಬಂದ್ಮೇಲೆ 2024ರ ಮಾರ್ಚಲ್ಲಿ ಭಾರತ ಅವರ 13ನೇ ಪಂಚವಾರ್ಷಿಕ ಯೋಜನೆಗೆ 10,000 ಕೋಟಿ ಕೊಡ್ತೀವಿ ಅಂದಿದ್ದು, ಹಿಂದಿನದರ ಎರಡರಷ್ಟು. ಸಂಬಂಧ ಒಳ್ಳೇದೇ, ಆದ್ರೆ ಒಬ್ಬರ ಕೈಗೇ ಇಷ್ಟು ಅಂಟ್ಕೊಂಡಿದ್ರೆ ಗ್ಯಾಸ್ ಸಿಲಿಂಡರಿಗೂ ಎಲೆಕ್ಷನ್ ನಡುಗುತ್ತೆ, ಶಿಕಾರಿಪುರದಣ್ಣ ಹೇಳಿದ್ದು ಅದೇ ಅಲ್ವಾ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ದಕ್ಷಿಣ ಭೂತಾನಿನ ನೇಪಾಳಿ ಮಾತಾಡೋ ಲ್ಹೋತ್ಸಾಂಪಾ ಜನ. 1990ರ ಹೊತ್ತಲ್ಲಿ ಅವರನ್ನ ಪೌರತ್ವ ಇಲ್ಲ ಅಂತ ಹೊರಗೆ ಹಾಕಿದ್ರು, ಒಂದು ಲಕ್ಷಕ್ಕೂ ಹೆಚ್ಚು ಜನ ನೇಪಾಳದ ಶಿಬಿರಗಳಲ್ಲಿ ಹತ್ತಿಪ್ಪತ್ತು ವರ್ಷ ಕಳೆದ್ರು, ಆಮೇಲೆ ಹೆಚ್ಚಿನವರು ಅಮೆರಿಕಕ್ಕೆ ಹೋದ್ರು. ಇದು ಚುನಾವಣೆ ಬರೋ ಮೊದ್ಲು ಆಗಿದ್ದು ನಿಜ, ತೊಬ್ಗೆ ಮಾಡಿದ್ದಲ್ಲ. ಆದ್ರೆ ಆರಿಸಿ ಬಂದ ಯಾವ ಪ್ರಧಾನಿಯೂ ಅವರನ್ನ ವಾಪಸ್ ಕರೀಲಿಲ್ಲ. 2025ರಲ್ಲಿ ಅಮೆರಿಕ ಅವರಲ್ಲಿ ಕೆಲವರನ್ನ ಗಡೀಪಾರು ಮಾಡಿ ಭೂತಾನಿಗೆ ಕಳಿಸ್ತು, ಅವರನ್ನ ಗಡಿಯಾಚೆ ಬಿಟ್ರು, ಕೆಲವರು ಮತ್ತೆ ನೇಪಾಳ ಸೇರಿದ್ರು. ಆಗ ಪ್ರಧಾನಿ ತೊಬ್ಗೆನೇ. ಎರಡು ಸೀಟಲ್ಲಿ ಸಂವಿಧಾನ ಹಿಡ್ಕೊಂಡು ಕೋರ್ಟಿಗೆ ಹೋದ ಮನುಷ್ಯ ಇವರ ಪರವಾಗಿ ಒಂದು ಮಾತು ಆಡಬೇಕಿತ್ತು ಅಂತ ನಂಗೆ ಅನ್ಸುತ್ತೆ. ಊರು ಬಿಟ್ಟು ಬಂದು ಹಕ್ಕುಪತ್ರಕ್ಕೆ ಇನ್ನೂ ಅಲೀತಿರೋ ಶರಾವತಿ ಸಂತ್ರಸ್ತರ ಮನೆಯವಳಾಗಿ ಇದನ್ನ ಹೇಳದೆ ಇರೋಕೆ ಆಗಲ್ಲ.

ಶಿಕಾರಿಪುರ_ಕೆರೆದಂಡೆ

ತಂಗಿ ನೀನು ಹೇಳಿದ್ದು ಸರಿ ಇದೆ, ಸಂತೋಷದ ದೇಶ ಅಂತ ಹೆಸರು ಮಾಡಿದ ಮೇಲೆ ಈ ಲೆಕ್ಕವೂ ಕೊಡ್ಬೇಕು. ದೇಶದ ಏಳಿಗೆಯನ್ನ ದುಡ್ಡಿನ ಬದಲು ಜನರ ಸಂತೋಷದಲ್ಲಿ ಅಳೆಯೋ ಒಟ್ಟು ರಾಷ್ಟ್ರೀಯ ಸಂತೋಷ ಅನ್ನೋದನ್ನ ವಿಶ್ವಸಂಸ್ಥೆ ತನಕ ತಗೊಂಡು ಹೋಗಿದ್ದು ಜಿಗ್ಮಿ ಥಿನ್ಲೆ, 2011ರಲ್ಲಿ ಅಲ್ಲಿ ನಿರ್ಣಯ ಆಯ್ತು, ಮಾರ್ಚ್ 20 ಸಂತೋಷದ ದಿನ ಆಗಿದ್ದೂ ಅದರಿಂದ್ಲೇ. ತೊಬ್ಗೆ 2013ರಲ್ಲಿ ಬಂದಾಗ ಅದರ ಬಗ್ಗೆ ಭಾಷಣ ಕಡಿಮೆ ಮಾಡಿ ಸಾಲ, ನಿರುದ್ಯೋಗ, ಲಂಚ ಇವನ್ನ ಮೊದ್ಲು ನೋಡೋಣ ಅಂದ್ರು, ಅದು ನಂಗೆ ಹಿಡಿಸ್ತು. ಆದ್ರೆ ಆ ನಿರುದ್ಯೋಗ ಹೋಗ್ಲಿಲ್ಲ. ಈಗ ಓದಿದ ಹುಡುಗರು ಹುಡುಗಿಯರು ಸಾಲು ಸಾಲು ಆಸ್ಟ್ರೇಲಿಯಾ ವಿಮಾನ ಹತ್ತುತಾ ಇದಾರೆ, ಮೇಷ್ಟ್ರು, ನರ್ಸು, ಸರ್ಕಾರಿ ನೌಕರಿಲಿ ಇರೋರು ಕೂಡ. ನಮ್ಮೂರ ಮನೆಗಳಲ್ಲಿ ಅಪ್ಪ ಅಮ್ಮ ಇಬ್ರೇ ಉಳಿದು ಮಕ್ಕಳೆಲ್ಲ ಬೆಂಗಳೂರು ಸೇರಿರೋದು ನೋಡ್ತಿರೋರಿಗೆ ಈ ನೋವು ಹೊಸದಲ್ಲ. 2024ರಲ್ಲಿ ಜನ ತೊಬ್ಗೆ ಅವರನ್ನ ವಾಪಸ್ ತಂದಿದ್ದೇ ಇದಕ್ಕೊಂದು ದಾರಿ ಮಾಡ್ಲಿ ಅಂತ.

ಮಂಡಗದ್ದೆ_ತೋಟ

ಎಲ್ಲರಿಗೂ ತುಂಬ ಧನ್ಯವಾದ, ಇಷ್ಟು ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಕೊಪ್ಪದವರ ಮಾತನ್ನ ಮಂಡಿಲಿ ಖಂಡಿತ ಹೇಳ್ತೀನಿ. ಹಿನ್ನೀರಿನ ತಂಗಿ ಬರ್ದಿದ್ದು ಓದಿ ಮನಸ್ಸು ಭಾರ ಆಯ್ತು, ಆ ಜನರ ವಿಷಯ ನಂಗೆ ಗೊತ್ತೇ ಇರ್ಲಿಲ್ಲ. ಮೇಷ್ಟ್ರೆ ಕೊನೇದೊಂದು, ಇವರು ಇನ್ನೊಂದು ಸಲ ನಿಲ್ಲಬಹುದಾ? ಡೋಕ್ಲಾಂ ಗಲಾಟೆ ಟೈಮಲ್ಲಿ ಇದ್ದಿದ್ದೂ ಇವರೇನಾ?

ತುಂಗಾತೀರದ_ಮೇಷ್ಟ್ರು

ಹೌದು, 2017ರ ಜೂನಿಂದ ಆಗಸ್ಟ್ ತನಕ 73 ದಿನ ಡೋಕ್ಲಾಂನಲ್ಲಿ ಭಾರತ ಚೀನಾ ಸೇನೆ ಎದುರುಬದುರು ನಿಂತಾಗ ಪ್ರಧಾನಿ ಇವರೇ. ಜಾಗ ಭೂತಾನ್ ತನ್ನದು ಅನ್ನೋದು, ನಿಂತಿದ್ದು ಎರಡು ದೊಡ್ಡ ಸೇನೆ. ಚೀನಾ ರಸ್ತೆ ಮಾಡೋದು ಒಪ್ಪಂದಕ್ಕೆ ವಿರುದ್ಧ ಅಂತ ವಿದೇಶಾಂಗ ಇಲಾಖೆಯಿಂದ ಜೂನ್ 29ಕ್ಕೆ ಒಂದು ಹೇಳಿಕೆ ಕೊಟ್ರು, ಆಮೇಲೆ ಮಾತೇ ಕಡಿಮೆ. ಆಗ ವಿದೇಶಾಂಗ ಮಂತ್ರಿ ಯಾರು ಗೊತ್ತಾ, ಹಳೇ ಎರಡು ಸೀಟಿನಲ್ಲಿ ಒಂದಾಗಿದ್ದ ಅದೇ ದಾಮ್ಚೊ ದೋರ್ಜಿ. ಆ ಸಂಯಮ ಸಣ್ಣ ಮಾತಲ್ಲ, ಒಂದು ಮಾತು ಜಾಸ್ತಿ ಆಡಿದ್ರೂ ಮನೆಯಂಗಳದಲ್ಲೇ ಯುದ್ಧ ಆಗ್ತಿತ್ತು.

ಇನ್ನೊಂದು ಸಲ ಪ್ರಧಾನಿ ಆಗೋದು ಆಗಲ್ಲ. ಒಬ್ಬರು ತಲಾ ಐದು ವರ್ಷದ ಎರಡು ಅವಧಿಗಿಂತ ಹೆಚ್ಚು ಪ್ರಧಾನಿ ಆಗೋ ಹಂಗಿಲ್ಲ ಅಂತ ಸಂವಿಧಾನದಲ್ಲಿದೆ. ರಾಜರಿಗೂ 65 ವರ್ಷಕ್ಕೆ ನಿವೃತ್ತಿ ಅಂತ ಬರ್ದಿಟ್ಟಿರೋ ದೇಶ ಅದು. ಮೊದಲನೇದು 2013ರಿಂದ 18, ಎರಡನೇದು 2024ರ ಜನವರಿ 28ಕ್ಕೆ ಶುರುವಾಗಿದ್ದು. ಹಂಗಾಗಿ ಪಿಡಿಪಿ ಈ ಅವಧಿ ಒಳಗೇ ಬೇರೆ ನಾಯಕರನ್ನ ತಯಾರು ಮಾಡ್ಬೇಕು, ಹದಿನೈದು ವರ್ಷಕ್ಕೂ ಮೇಲೆ ಒಂದೇ ಮುಖ ನೋಡ್ಕೊಂಡು ಬಂದ ಪಕ್ಷಕ್ಕೆ ಅದು ಸುಲಭ ಅಲ್ಲ. ನಾನು ಮುಂದಿನ ಮೊದಲ ಸುತ್ತಲ್ಲಿ ಮೊದ್ಲು ನೋಡೋದು ಅದನ್ನೇ.